ಮೂಡಲಗಿ ಕೇಂದ್ರದ ಅಕ್ಕಾರು

ಕೆಲಸಕ್ಕೆ ಸೇರಿದ ಮೊದಲ ದಿನ ಅಕ್ಕಾರು ನನಗೆ ಕಲಿಸಿದ್ದು ಕೈ ತೊಳೆಯುವುದನ್ನು. ನಾನು ಬಿ.ಎಸ್ಸಿ. ಮುಗಿಸಿದ್ದೆ. ಕಂಪನಿಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಏನೋ ದೊಡ್ಡ ಹುದ್ದೆಗೆ ಬಂದವಳಂತೆ ಮೂಡಲಗಿಯ ಹಾಲಿನ ಕೇಂದ್ರದ ಗೇಟು ದಾಟಿ ಒಳಗೆ ಹೋದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ರಬ್ಬರಿನ ಗಂಬೂಟು ಹಾಕಿಕೊಂಡು ನಳದ ಬಳಿ ನಿಂತಿದ್ದರು.

"ಬಾರವಾ. ಮೊದಲ ಕೈ ತೊಳಕೋ. ಬಳಿ ಮ್ಯಾಲ ಸರಿಸಿ ಮೊಣಕೈತನಕಾ ತೊಳಿ. ಮಂದಿ ತಮ್ಮ ಮಕ್ಕಳಿಗೆ ಕುಡಿಸೂದು ಇದು."

ಅವರು ಆ ಕೇಂದ್ರದ ಮುಖ್ಯಸ್ಥೆ. ಹೈನುಗಾರಿಕೆಯ ಡಿಪ್ಲೊಮಾ ಮಾಡಿ ಬಂದವರು. ಗಂಡ ಅದೇ ಊರಿನ ಹೈಸ್ಕೂಲಿನಲ್ಲಿ ಮಾಸ್ತರರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಎಂದು ಕರೆಯುತ್ತಾರೆ. ಇವರು ಸಾಲಿ ಕಲಿಸದಿದ್ದರೂ ಹಾಲು ಹಾಕಲು ಬರುವವರಿಗೆಲ್ಲ ಅಕ್ಕಾರೇ ಆಗಿದ್ದರು. ಸುತ್ತಲಿನ ಹಳ್ಳಿಗಳಿಂದ, ಕೌಜಲಗಿಯ ಕಡೆಯಿಂದಲೂ, ಬೆಳಿಗ್ಗೆ ಸಂಜೆ ಹಾಲು ಬರುತ್ತಿತ್ತು. ಅದನ್ನು ದೊಡ್ಡ ತೊಟ್ಟಿಯಲ್ಲಿ ತಂಪು ಮಾಡಿ ಟ್ಯಾಂಕರಿಗೆ ತುಂಬಿ ಕಳಿಸುವುದು ನಮ್ಮ ಕೆಲಸ. ಕಂಪನಿ ಮುಂಬೈಯದು. ದೇಶದ ತುಂಬ ಅದರ ಹಾಲು, ಮೊಸರು, ತುಪ್ಪ ಮಾರಾಟವಾಗುತ್ತಿತ್ತು. ಆದರೆ ನಮ್ಮ ಊರ ಹೆಂಗಸರಿಗೆ ಕಂಪನಿ ಎಂದರೆ ಅಕ್ಕಾರ ಮುಖ. ಎಮ್ಮೆ ಮೇವು ಬಿಟ್ಟರೆ ಅವರಿಗೆ ಹೇಳುತ್ತಿದ್ದರು, ಮಗಳಿಗೆ ವರ ಗೊತ್ತಾದರೂ ಅವರಿಗೆ ಹೇಳುತ್ತಿದ್ದರು. ಅವರು ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ಯಂತ್ರದ ಸದ್ದು ಸ್ವಲ್ಪ ಬದಲಾದರೆ ಮಾತ್ರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದರು.

ಅವರ ಕೈಕೆಳಗೆ ಪಳಗಿದ ಮೇಲೆ ನನ್ನನ್ನು ಗೋಕಾಕದ ಏರಿಯಾ ಆಫೀಸಿಗೆ ಕಳಿಸಿದರು. ಕೇಂದ್ರಗಳಿಂದ ಬಂದ ಬೇಡಿಕೆಗಳನ್ನು ಆಯಾ ವಿಭಾಗಕ್ಕೆ ಮುಟ್ಟಿಸುವುದು, ಉತ್ತರ ಬಂದರೆ ತಿರುಗಿ ತಿಳಿಸುವುದು ನನ್ನ ಪಾಲಿಗೆ ಬಂದ ಕೆಲಸ. ಹೋಗುವ ದಿನ ಅಕ್ಕಾರು ನನ್ನ ಡಬ್ಬಿಗೆ ಶೇಂಗಾ ಹೋಳಿಗೆ ತುಂಬಿ ಕೊಟ್ಟು, "ಅಲ್ಲಿ ಎಲ್ಲಾರೂ ಕುರ್ಚಿ ಮ್ಯಾಲ ಕುಂತಿರತಾರು. ನೀ ನಡು ನಡುವ ಎದ್ದು ಅಡ್ಯಾಡು, ಇಲ್ಲಂದ್ರ ಸೊಂಟಾ ಹಿಡಿತೈತಿ" ಎಂದಿದ್ದರು. ಅದು ಬಿಟ್ಟರೆ ಆ ಆಫೀಸಿನ ಬಗ್ಗೆ ಅವರಿಗೂ ಹೆಚ್ಚು ಗೊತ್ತಿರಲಿಲ್ಲ.

ಗೋಕಾಕದಲ್ಲಿ ಇಬ್ಬರು ಸಾಹೇಬರಿದ್ದರು. ಒಬ್ಬರು ಏರಿಯಾ ಮ್ಯಾನೇಜರ್, ಕೊಲ್ಹಾಪುರದ ಕಡೆಯವರು. ಹಾಲು ಸಂಗ್ರಹಣೆಯೆಲ್ಲ ಅವರದು. ಇನ್ನೊಬ್ಬರು ಯಂತ್ರಗಳ ಉಸ್ತುವಾರಿಯ ಎಂಜಿನಿಯರ್, ಮೈಸೂರಿನ ಕಡೆಯವರು. ನಾನು ಹೋಗುವ ಹೊತ್ತಿಗೆ ಆಫೀಸು ಹೊಸ ಕಟ್ಟಡದ ಮೇಲಂತಸ್ತಿಗೆ ಬಂದಿತ್ತು. ಅಲ್ಲಿ ಕಿಟಕಿಯಿಂದ ಗುಡ್ಡ ಕಾಣುವ ಕೋಣೆ ಒಂದೇ ಇತ್ತು. ಅದು ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಇಬ್ಬರದೂ ಒಂದೇ ದರ್ಜೆ. ಮುಂಬೈಗೆ ಬರೆದು ಕೇಳಿದರು. ಮುಂಬೈ ಉತ್ತರ ಕೊಡಲಿಲ್ಲ. ಕೊನೆಗೆ ಆ ಕೋಣೆಗೆ ಬೀಗ ಹಾಕಿ, ಒಳಗೆ ಕಾಗದದ ಕಟ್ಟುಗಳನ್ನೂ ಮುರಿದ ಕುರ್ಚಿಗಳನ್ನೂ ಇಟ್ಟರು. ಇಬ್ಬರೂ ಹೊರಗೆ ಎದುರುಬದುರು ಕೂತರು. ಆವತ್ತಿನಿಂದ ಮಾತು ನಿಂತಿತು. ಒಬ್ಬರು ಬೇಕೆಂದದ್ದು ಇನ್ನೊಬ್ಬರಿಗೆ ಬೇಡವಾಯಿತು. ಹತ್ತು ಹೆಜ್ಜೆ ಆಚೆ ಕೂತವರಿಗೆ ಹೇಳಬೇಕಾದದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದರು.

ಅವರಿಬ್ಬರೂ ಕೆಟ್ಟವರೇನಲ್ಲ. ನನ್ನ ತಾಯಿಗೆ ಮೊಣಕಾಲು ನೋವೆಂದು ತಿಳಿದಾಗ ಏರಿಯಾ ಸಾಹೇಬರು ತಮ್ಮ ಊರಿನ ವೈದ್ಯರ ವಿಳಾಸ ಕೊಟ್ಟರು. ಎಂಜಿನಿಯರ್ ಸಾಹೇಬರು ಮಗಳು ಪಾಸಾದಾಗ ಪ್ರತಿಯೊಬ್ಬರ ಮೇಜಿಗೂ ತಾವೇ ಬಂದು ಪೇಡೆ ಹಂಚಿದರು, ಒಂದು ಮೇಜನ್ನು ಬಿಟ್ಟು. ಅದನ್ನು ನೋಡಿ ನಾವು ನಕ್ಕೆವು. ಅದರಿಂದ ಯಾರಿಗಾದರೂ ಕೇಡಾಗಬಹುದೆಂದು ಆಗ ಹೊಳೆಯಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಕಾರ ಫೋನು ಬಂತು. ಹಾಲು ತಂಪು ಮಾಡುವ ಯಂತ್ರದ ಕಂಪ್ರೆಸರ್ ಸರಿಯಿಲ್ಲ, ವಿಪರೀತ ಬಿಸಿಯಾಗುತ್ತದೆ, ನಡುನಡುವೆ ತಾನಾಗಿಯೇ ನಿಲ್ಲುತ್ತದೆ, ಬೇಸಿಗೆ ಬರುವುದರೊಳಗೆ ಏನಾದರೂ ಮಾಡಬೇಕು ಎಂದರು. ಬರೆದೂ ಕಳಿಸಿದರು. ನಾನು ಎಂಜಿನಿಯರ್ ಸಾಹೇಬರ ಬಳಿ ಹೋದೆ. ಅವರು ಓದಿ ತಲೆಯಾಡಿಸಿದರು.

"ಇದು ರಿಪೇರಿ ಆಗೋ ಅಂಥದ್ದಲ್ಲಮ್ಮ. ಬದಲಾಯಿಸ್ಬೇಕು. ಹೊಸದು ಬೇಕು ಅನ್ನೋದಾದ್ರೆ ಏರಿಯಾ ಕಡೆಯಿಂದ ಬೇಡಿಕೆ ಬರ್ಬೇಕು. ಅವರು ಕಳಿಸ್ಲಿ, ನಾನು ಆವತ್ತೇ ಸಹಿ ಹಾಕ್ತೀನಿ."

ಏರಿಯಾ ಸಾಹೇಬರ ಬಳಿ ಹೋದೆ.

"ಹೊಸಾದ ಯಾಕ ಬೇಕು? ಇದ್ದದ್ದನ್ನ ದುರಸ್ತಿ ಮಾಡ್ರಿ ಅಂತನ ಅವರಿಗೆ ಕಂಪನಿ ಪಗಾರ ಕೊಡತೈತಿ. ನಾ ಬೇಡಿಕಿ ಕಳಿಸಿದ್ನಿ ಅಂದ್ರ ನಾಳೆ ಖರ್ಚ ಎಲ್ಲಾ ನನ್ನ ತಲಿಮ್ಯಾಲ ಬರತೈತಿ. ವಾಪಸ್ ಕಳಸ್ರಿ."

ವಾಪಸ್ ಕಳಿಸಿದೆ. ಅದು ತಿರುಗಿ ಬಂತು. ಮತ್ತೆ ಕಳಿಸಿದೆ. ಅಕ್ಕಾರು ಎರಡು ದಿನಕ್ಕೊಮ್ಮೆ ಕೇಳುತ್ತಿದ್ದರು. "ಏನವಾ, ನಮ್ಮ ಮಷೀನಿಂದು ಏನಾತು?" ನಾನು, "ಸಾಹೇಬ್ರ ಮುಂದ ಐತ್ರಿ ಅಕ್ಕಾರ" ಎನ್ನುತ್ತಿದ್ದೆ. "ಯಾವ ಸಾಹೇಬ್ರ ಮುಂದ?" ಎಂದು ಒಮ್ಮೆ ಕೇಳಿದರು. ಆ ದಿನ ಯಾರ ಮುಂದೆ ಇತ್ತೆಂದು ನನಗೇ ನೆನಪಾಗಲಿಲ್ಲ. ಕೋಣೆಯ ಜಗಳವನ್ನು ಹೇಳಿದೆ. ಅವರು ನಂಬಲಿಲ್ಲ. "ಕೋಣಿ ಸಲುವಾಗಿ? ದೊಡ್ಡ ದೊಡ್ಡ ಕಲತ ಮಂದಿ, ಹಂಗೆಲ್ಲಿ ಮಾಡತಾರ ಬಿಡು" ಎಂದರು. ಅವರಿಗೆ ಕಂಪನಿಯ ಮೇಲೆ ಅಷ್ಟು ಭರವಸೆ.

ಅಷ್ಟರಲ್ಲಿ ಮುಂಬೈಯಿಂದ ದೊಡ್ಡ ಸಾಹೇಬರು ಕೇಂದ್ರಗಳನ್ನು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರೇ ಕಣ್ಣಾರೆ ನೋಡಿದರೆ ಯಂತ್ರದ ಪ್ರಶ್ನೆ ಬಗೆಹರಿಯುತ್ತದೆಂದು ಅಕ್ಕಾರಿಗೂ ನನಗೂ ಆಸೆ. ಮೂಡಲಗಿಯ ಗೋಡೆಗಳಿಗೆ ಬಣ್ಣ ಬಳಿಸಿದರು. ಘಟಪ್ರಭಾದ ಕಡೆಯ ನರ್ಸರಿಯಿಂದ ಹೂವಿನ ಕುಂಡಗಳನ್ನು ಬಾಡಿಗೆಗೆ ತಂದು ಸಾಲಾಗಿ ಇಟ್ಟರು. ದೊಡ್ಡ ಸಾಹೇಬರು ಬಂದರು, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಒಳಗೆಲ್ಲ ತಿರುಗಿದರು. ಅಕ್ಕಾರು ಕಂಪ್ರೆಸರಿನ ಬಳಿ ಅವರನ್ನು ನಿಲ್ಲಿಸಿ ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಲು ಶುರುಮಾಡಿದರು. ಏರಿಯಾ ಸಾಹೇಬರು ನಡುವೆ ಬಂದು, ಅದು ಈಗಾಗಲೇ ಪರಿಶೀಲನೆಯಲ್ಲಿದೆ ಎಂದರು. ಎಂಜಿನಿಯರ್ ಸಾಹೇಬರೂ ಹೌದೆಂದರು. ದೊಡ್ಡ ಸಾಹೇಬರು ಹೊರಗೆ ಬಂದು ಗೇಟನ್ನು ನೋಡಿದರು. ಅದರ ನೀಲಿ ಕಂಪನಿಯ ನೀಲಿಯಲ್ಲ, ಇನ್ನಷ್ಟು ಗಾಢವಾಗಿರಬೇಕು ಎಂದರು. ಅದನ್ನು ಎಲ್ಲರೂ ಬರೆದುಕೊಂಡರು. ಸಂಜೆಗೆ ನರ್ಸರಿಯವರು ಬಂದು ಕುಂಡಗಳನ್ನು ಒಯ್ದರು. ಮರುವಾರ ಗೇಟಿಗೆ ಬಣ್ಣ ಬಳಿಯುವವರು ಬಂದರು. ಕಂಪ್ರೆಸರಿಗೆ ಯಾರೂ ಬರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅದು ನಿಂತಿತು. ಅಕ್ಕಾರು ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ನಿಂತತವಾ. ಬೆಳಿಗ್ಗೇದ ಹಾಲು ಎಲ್ಲಾ ಒಳಗ ಐತಿ. ಟ್ಯಾಂಕರ್ ಲಗೂನ ಕಳಸಾಕ ಹೇಳು" ಎಂದರು. ಟ್ಯಾಂಕರನ್ನು ಹೊತ್ತಿಗೆ ಮುಂಚೆ ಕಳಿಸಲು ಏರಿಯಾ ಸಾಹೇಬರು ಹೂಂ ಎನ್ನಬೇಕು. ಅವರು ಬೆಳಗಾವಿಯ ಹೋಟೆಲೊಂದರಲ್ಲಿ ಸಭೆಯಲ್ಲಿದ್ದರು, ಫೋನು ಬಂದ್. ನಾನು ಎಂಜಿನಿಯರ್ ಸಾಹೇಬರನ್ನು ಕೇಳಿಕೊಂಡೆ. "ಟ್ಯಾಂಕರ್ ನನ್ನ ವಿಭಾಗ ಅಲ್ವಲ್ಲಮ್ಮ, ನಾನು ಹೇಳಿದ್ರೆ ನಾಳೆ ಅದೇ ದೊಡ್ಡ ಜಗಳ ಆಗುತ್ತೆ" ಎಂದು ಅವರು ನಿಜವಾಗಿಯೂ ನೊಂದವರಂತೆ ಹೇಳಿದರು. ನಾನೇ ಚಾಲಕನಿಗೆ ಫೋನು ಮಾಡಿದೆ. ಹುಕ್ಕೇರಿಯ ಕಡೆ ಇದ್ದೇನೆ, ಮೇಲಿನವರ ಮಾತಿಲ್ಲದೆ ದಾರಿ ಬದಲಿಸಲಾರೆ ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ನಾನು ಬಸ್ಸು ಹಿಡಿದು ಮೂಡಲಗಿಗೆ ಹೋದೆ.

ಹೋಗುವಷ್ಟರಲ್ಲಿ ಅಕ್ಕಾರು ಐಸ್ ಫ್ಯಾಕ್ಟರಿಯಿಂದ ಗಡ್ಡೆಗಳನ್ನು ತರಿಸಿ ತೊಟ್ಟಿಯ ಸುತ್ತ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದರು. ಎಲ್ಲ ಕರಗಿ ನೆಲದ ತುಂಬ ನೀರು. ಸ್ವಲ್ಪ ಹಾಲನ್ನು ಪಾತ್ರೆಯಲ್ಲಿ ಕಾಯಿಸಿ ನೋಡಿದರು. ಒಡೆಯಿತು. ಅವರು ಪಾತ್ರೆಯನ್ನು ಕೆಳಗಿಟ್ಟು ಗೋಡೆಗೆ ಒರಗಿದರು. ಆಮೇಲೆ ತಾವೇ ಹೋಗಿ ತೊಟ್ಟಿಯ ಕೊಳವೆ ತೆರೆದರು. ಅಷ್ಟೂ ಹಾಲು ಹಿಂದಿನ ಗಟಾರಕ್ಕೆ ಹರಿಯಿತು. ಬೀದಿನಾಯಿಗಳು ಓಡಿ ಬಂದವು. ಹುಳಿ ವಾಸನೆ ಬೀದಿಯತನಕ ಹರಡಿತು. ಅಕ್ಕಾರು ಕೊಳವೆಯ ಮೇಲೆ ಕೈಯಿಟ್ಟುಕೊಂಡು ಕೊನೆಯತನಕ ಅಲ್ಲೇ ನಿಂತಿದ್ದರು.

ಸಂಜೆಯ ಹಾಲು ಹಿಡಿದು ಮಂದಿ ಬರತೊಡಗಿದರು. ಒಬ್ಬೊಬ್ಬರಿಗೂ ಗೇಟಿನಲ್ಲೇ ನಿಂತು ಅಕ್ಕಾರೇ ಹೇಳಿದರು, ಇವತ್ತು ತೆಗೆದುಕೊಳ್ಳಲು ಆಗುವುದಿಲ್ಲ ಎಂದು. ಒಬ್ಬ ಮುದುಕಿ ಕ್ಯಾನು ಕೆಳಗಿಟ್ಟು ಗಾಬರಿಯಿಂದ ಕೇಳಿದಳು.

"ನಮ್ಮ ಎಮ್ಮಿ ಹಾಲಿಗೆ ಏನರೆ ಆಗೇತೇನ್ರಿ ಅಕ್ಕಾರ?"

"ಇಲ್ಲಬೇ ಯವ್ವಾ. ನಿನ್ನ ಹಾಲ ಚೊಲೋ ಐತಿ. ತಪ್ಪ ನಮ್ಮ ಕಡೇದು."

ಮುದುಕಿ ಕ್ಯಾನು ಹೊತ್ತು ತಿರುಗಿ ಹೋದಳು. ಆ ಮಾತನ್ನು ಅಲ್ಲಿದ್ದ ಯಾರೋ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು. ಅದು ಊರೂರು ಸುತ್ತಿ ಮುಂಬೈಗೂ ಮುಟ್ಟಿತು.

ವಿಚಾರಣೆ ಗೋಕಾಕದಲ್ಲಿ ನಡೆಯಿತು. ಗೋಡೆಯ ಮೇಲಿನ ಪರದೆಯಲ್ಲಿ ಮುಂಬೈಯ ನಾಲ್ಕು ಮುಖಗಳು. ಅದರಲ್ಲೊಬ್ಬರು ತುಂಬ ಹೊತ್ತು ಕೈ ಆಡಿಸುತ್ತ ಮಾತಾಡಿದರು, ಅವರ ದನಿ ನಮಗೆ ಕೇಳಿಸಲೇ ಇಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಈಚೆ ಬದಿಗೆ ಇಬ್ಬರು ಸಾಹೇಬರು ಪಕ್ಕಪಕ್ಕದಲ್ಲಿ ಕೂತಿದ್ದರು. ಒಬ್ಬರು ಇನ್ನೊಬ್ಬರ ಕಡೆಗೆ ಬಿಸ್ಕತ್ತಿನ ತಟ್ಟೆ ಸರಿಸಿದರು. ಅಷ್ಟು ದಿನಗಳಲ್ಲಿ ಅವರು ಒಬ್ಬರನ್ನೊಬ್ಬರು ವಿಚಾರಿಸಿಕೊಂಡದ್ದನ್ನು ನಾನು ನೋಡಿದ್ದು ಅಂದೇ. ಯಂತ್ರದ ವಿಷಯದಲ್ಲಿ ಎರಡೂ ವಿಭಾಗಗಳು ಕೂಡಿಯೇ ಕೆಲಸ ಮಾಡುತ್ತಿದ್ದವು, ಪ್ರಕ್ರಿಯೆ ನಡೆದಿತ್ತು ಎಂದು ಇಬ್ಬರೂ ಹೇಳಿದರು. ಮುಂಬೈಯವರಿಗೆ ಯಂತ್ರದ ಮೇಲೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಕಂಪನಿಯದು ತಪ್ಪೆಂದು ಹೊರಗಿನವರ ಮುಂದೆ ಹೇಳಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ಅಕ್ಕಾರನ್ನು ಕೇಳಿದರು.

ಅಕ್ಕಾರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. ನಾನು ಕನ್ನಡದಲ್ಲಿ ಹೇಳಿದೆ.

"ಆದ್ರ ತಪ್ಪ ನಮ್ಮದ ಇತ್ತಲ್ರಿ" ಎಂದರು ಅವರು. "ಮುದುಕಿಗಿ ಏನಂತ ಹೇಳಬೇಕಿತ್ರಿ?"

ಏರಿಯಾ ಸಾಹೇಬರು ಕೆಮ್ಮಿ, "ಅದ ಪ್ರಶ್ನೆ ಅಲ್ರಿ ಮೇಡಂ" ಎಂದರು. ನಾನು ಎದ್ದು, ಆ ದಿನ ನಾನೂ ಅಲ್ಲಿದ್ದೆ, ಬೇಡಿಕೆ ಎಷ್ಟು ಸಲ ಈ ಮೇಜಿನಿಂದ ಆ ಮೇಜಿಗೆ ಹೋಯಿತು ನನಗೆ ಗೊತ್ತು ಎಂದು ಹಿಂದಿಯಲ್ಲೇ ಹೇಳಿದೆ. ಪರದೆಯಲ್ಲಿದ್ದವರಲ್ಲಿ ಒಬ್ಬ ಹೆಂಗಸು ತಾಳ್ಮೆಯಿಂದ ಕೇಳಿ, ನಿಮ್ಮ ಮಾತನ್ನು ಗಮನಿಸಿದ್ದೇವೆ ಎಂದು ಮುಂದಿನ ವಿಷಯಕ್ಕೆ ಹೋದರು.

ಕೇಂದ್ರವನ್ನು ಕೆಲಕಾಲಕ್ಕೆಂದು ಮುಚ್ಚಿದರು. ಅಕ್ಕಾರನ್ನು ಕೆಲಸದಿಂದ ತೆಗೆಯಲಿಲ್ಲ. ವಿಶೇಷ ಯೋಜನೆಯೊಂದರ ಹೊಣೆ ಎಂದು ಹೇಳಿ ಹುಕ್ಕೇರಿಗೆ ಹಾಕಿದರು. ಆ ಯೋಜನೆ ಏನೆಂದು ಏರಿಯಾ ಸಾಹೇಬರನ್ನು ಕೇಳಿದೆ. "ಮುಂಬೈದವರು ಕಳಸತಾರ, ಬರತೈತಿ" ಎಂದರು. ಅದು ಎಂದೂ ಬರಲಿಲ್ಲ.

ಹುಕ್ಕೇರಿಯಲ್ಲಿ ಕಂಪನಿಯದೊಂದು ಕೋಣೆ ಇತ್ತು, ಗೊಬ್ಬರದ ಅಂಗಡಿಯ ಮೇಲೆ. ಹಿಂದೆಂದೋ ಹೊಸ ಕೇಂದ್ರ ಮಾಡುವ ಯೋಚನೆಯಲ್ಲಿ ಬಾಡಿಗೆಗೆ ಹಿಡಿದದ್ದು. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಕಂಪನಿಯ ದೊಡ್ಡ ಹಸುವಿನ ಚಿತ್ರ. ಅಕ್ಕಾರು ನಸುಕಿನಲ್ಲೆದ್ದು ಅಡುಗೆ ಮಾಡಿಟ್ಟು, ಮೂಡಲಗಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಹುಕ್ಕೇರಿಗೆ ಬಸ್ಸು ಬದಲಿಸಿ ಹೋಗುತ್ತಿದ್ದರು. ಹೋಗಿ ಮೊಬೈಲಿನಲ್ಲಿ ತಮ್ಮ ಮುಖದ ಫೋಟೋ ತೆಗೆದು ಹಾಜರಿ ಹಾಕಬೇಕು. ದಿನಕ್ಕೆ ಹಲವು ಸಲ ಕಂಪನಿಯ ಆ್ಯಪ್ ತಾನಾಗಿಯೇ ಫೋಟೋ ಕೇಳುತ್ತಿತ್ತು. ಒಮ್ಮೆ ಬೀದಿಯಾಚೆಗೆ ಚಹಾಕ್ಕೆ ಹೋದಾಗ ಕೇಳಿತಂತೆ, ಅರ್ಧ ದಿನ ಗೈರುಹಾಜರಿ ಎಂದು ಹಾಕಿತು. ಆಮೇಲೆ ಅವರು ಚಹಾವನ್ನೂ ಬಿಟ್ಟರು.

ಒಂದು ಸಂತೆಯ ದಿನ ರಜೆ ಹಾಕಿ ಅವರನ್ನು ನೋಡಲು ಹೋದೆ. ಕೆಳಗೆ ಬೀದಿ ತುಂಬ ಗದ್ದಲ. ಮೆಟ್ಟಿಲು ಹತ್ತಿ ಹೋದರೆ ಅಕ್ಕಾರು ಮೇಜಿನ ಮೇಲೆ ಪೇಪರ್ ಹಾಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಅದನ್ನು ಚೀಲಕ್ಕೆ ತುರುಕಿದರು. ನನ್ನಿಂದ ಮುಚ್ಚಿಡಬೇಕೆನಿಸಿತಲ್ಲ ಎಂದು ನನಗೆ ಸಂಕಟವಾಯಿತು.

"ಅಕ್ಕಾರ, ನಾನರೀ. ಬಿಡಸ್ರಿ, ನಾನೂ ಕೂಡ್ತೇನಿ."

"ಬ್ಯಾಡವಾ. ಯಾರರೆ ಬಂದ್ರ ಏನಂತಾರು?"

"ಯಾರ ಬರತಾರ್ರಿ ಇಲ್ಲಿ?"

ಅವರು ನಗಲು ನೋಡಿದರು. "ಗೊಬ್ಬರ ಕೇಳಾಕ ಬರತಾರು. ಅಂಗಡಿ ಕೆಳಗೈತ್ರಿ ಅಂತ ಹೇಳೂದು. ಅಷ್ಟ ಮಾತು ದಿನಾ." ಸೊಪ್ಪನ್ನು ಮತ್ತೆ ಚೀಲದಿಂದ ತೆಗೆಯುತ್ತ, "ಮನ್ಯಾಗ ಇವರಿಗೆ ಹೇಳಿಲ್ಲ. ಹೊಸಾ ಕೇಂದ್ರದ ಕೆಲಸಾ ನಡದೈತಿ ಅಂತ ಹೇಳೇನಿ. ಇವರು ಸಂಜಿಕ ಕೇಳತಾರು, ಇವತ್ತ ಏನ ಮಾಡಿದಿ ಅಂತ. ದಿನಾ ಒಂದ ಸುಳ್ಳ ಹುಡಕಬೇಕು" ಎಂದರು.

ನಾವಿಬ್ಬರೂ ಕೂತು ಆ ಸೊಪ್ಪನ್ನು ಬಿಡಿಸಿ ಮುಗಿಸಿದೆವು.

ಗೋಕಾಕಕ್ಕೆ ಬಂದವಳೇ ಏರಿಯಾ ಸಾಹೇಬರ ಬಳಿ ಹೋಗಿ, ಅಕ್ಕಾರಿಗೆ ಏನಾದರೊಂದು ಕೆಲಸ ಕೊಡಿರಿ, ಎಲ್ಲಿಯಾದರೂ ಹಾಕಿರಿ, ಆದರೆ ಹಾಗೆ ಖಾಲಿ ಕೂಡಿಸಬೇಡಿರಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ನೋಡ್ರಿ, ಅವರ ಬಗ್ಗೆ ನನಗ ಭಾಳ ಮರ್ಯಾದಿ ಐತಿ. ಆದ್ರ ಈಗ ಅವರನ್ನ ವಾಪಸ್ ತಂದ್ರ ಆವತ್ತ ನಾವು ಮಾಡಿದ್ದ ತಪ್ಪ ಅಂತ ಆಗತೈತಿ. ಸ್ವಲ್ಪ ದಿನಾ ತಡೀರಿ." ಸ್ವಲ್ಪ ದಿನದಲ್ಲಿ ಅವರಿಗೇ ಬಡ್ತಿ ಸಿಕ್ಕಿ ಪುಣೆಗೆ ಹೋದರು. ಎಂಜಿನಿಯರ್ ಸಾಹೇಬರು ಬೇರೆ ಕಂಪನಿ ಸೇರಿದರು. ಹೊಸದಾಗಿ ಬಂದ ಮ್ಯಾನೇಜರಿಗೆ ಹುಕ್ಕೇರಿಯಲ್ಲಿ ನಮ್ಮದೊಂದು ಕೋಣೆಯಿದೆ, ಅಲ್ಲೊಬ್ಬ ಹೆಣ್ಣುಮಗಳು ಕೂತಿದ್ದಾರೆ ಎಂದು ನಾನೇ ಹೇಳಬೇಕಾಯಿತು. ಅವರು ಕಂಪ್ಯೂಟರಿನಲ್ಲಿ ಹುಡುಕಿ, ಆ ಯೋಜನೆ ಮುಂಬೈಯವರದು, ತಮ್ಮ ಕೆಳಗೆ ಬರುವುದಿಲ್ಲ ಎಂದರು.

ಅಕ್ಕಾರು ಕೊನೆಗೆ ರಾಜೀನಾಮೆ ಕೊಟ್ಟರು. ಅದೂ ಸುಲಭವಾಗಲಿಲ್ಲ. ಮುಂಬೈಯಲ್ಲಿ ಆ ಯೋಜನೆಯ ಮೇಲಧಿಕಾರಿಯ ಹುದ್ದೆ ಖಾಲಿ ಇದ್ದದ್ದರಿಂದ ಅದನ್ನು ಒಪ್ಪಿಕೊಳ್ಳುವವರೇ ಇರಲಿಲ್ಲ. ಹೋಗಲೂ ಬಾರದು, ಇರಲೂ ಬಾರದು ಎಂಬಂತೆ ಮಳೆಗಾಲವಿಡೀ ಅವರು ಅದೇ ಎರಡು ಬಸ್ಸು ಹಿಡಿದು ಆ ಕೋಣೆಗೆ ಹೋಗಿ ಬಂದರು. ಒಪ್ಪಿಗೆ ಬಂದ ಮೇಲೆ ಗೋಕಾಕದ ಆಫೀಸಿನಲ್ಲಿ ಬೀಳ್ಕೊಡುಗೆ ಇಟ್ಟರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹೊಸಬರು. ಮ್ಯಾನೇಜರು ಶಾಲು ಹೊದಿಸಿ, ಇವರ ಸೇವೆಯನ್ನು ಕಂಪನಿ ಮರೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಗಾಜಿನ ನೆನಪಿನ ಕಾಣಿಕೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕಾಣಿಕೆಯ ಮೇಲೆ ಕೊರೆದದ್ದು ಬೇರೆ ಯಾರದೋ ಹೆಸರು. ಅಕ್ಕಾರು ಅದನ್ನು ಓದಿದ್ದನ್ನು ನಾನು ನೋಡಿದೆ. ಅವರು ಕೈಮುಗಿದು, "ಎಲ್ಲಾರಿಗೂ ಶರಣ್ರಿ" ಎಂದಷ್ಟೇ ಹೇಳಿ ಕೂತರು.

ಬಸ್‌ಸ್ಟ್ಯಾಂಡಿನತನಕ ಜೊತೆಗೆ ಹೋದೆ. ಮೂಡಲಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವರು ಶಾಲನ್ನು ಮಡಚುತ್ತ, ನನ್ನ ಮುಖ ನೋಡದೆ ಕೇಳಿದರು.

"ಖರೆ ಹೇಳವಾ. ನಾ ಕೆಲಸಾ ಚೊಲೋತ್ನಾಗಿ ಮಾಡತಿದ್ನಿಲ್ಲೋ?"

"ಏನ್ರಿ ಅಕ್ಕಾರ, ಹಿಂಗ ಕೇಳತೀರಿ? ನಿಮ್ಮಂಗ ಯಾರ ಮಾಡತಾರ್ರಿ?"

"ಇಲ್ಲಾ, ಆ ಕೋಣ್ಯಾಗ ಕುಂತ ಕುಂತ ವಿಚಾರ ಮಾಡೇನಿ. ಇಷ್ಟ ಮಂದಿ ಇಷ್ಟ ಕಲತವರು ಒಂದ ಮಾತ ಹೇಳತಾರಂದ್ರ ನಂದ ಏನೋ ತಪ್ಪಿರಬೇಕು. ಮಷೀನ ನಾನ ಕೆಡಿಸಿದ್ನೇನೋ. ಸದ್ದ ನನಗ ಬರೋಬ್ಬರಿ ಕೇಳಿಸಲಿಲ್ಲೇನೋ."

ನಾನು ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕೋಣೆಯ ಜಗಳ, ಮೇಜಿನಿಂದ ಮೇಜಿಗೆ ಅಲೆದ ಬೇಡಿಕೆ, ಹೋಟೆಲಿನ ಸಭೆ. ಅವರು ಸಣ್ಣ ಮಗುವಿನ ಮಾತು ಕೇಳುವಂತೆ ಹೂಂಗುಟ್ಟಿದರು. ನಂಬಲಿಲ್ಲವೆಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತು, "ಹೊತ್ತಾತು, ಮನಿಗಿ ಹೋಗವಾ" ಎಂದರು.

ನಾನೂ ಆ ಕಂಪನಿ ಬಿಟ್ಟೆ. ಈಗ ಗೋಕಾಕದಲ್ಲೇ ಒಂದು ಸಣ್ಣ ಔಷಧಿ ಅಂಗಡಿಯ ಲೆಕ್ಕಪತ್ರ ನೋಡುತ್ತೇನೆ. ಮೂಡಲಗಿಯ ಕೇಂದ್ರವನ್ನು ಬೇರೆಯವರು ಕೊಂಡು ತಿರುಗಿ ಶುರುಮಾಡಿದ್ದಾರೆ. ಅವರು ಅಕ್ಕಾರನ್ನು ಕರೆಯಲು ಮನೆಗೇ ಹೋಗಿದ್ದರಂತೆ, ಮೊದಲಿನಂತೆಯೇ ನಡೆಸಿಕೊಡಿರಿ ಎಂದು. ಮಾಸ್ತರರೂ ಹೋಗೆಂದು ಹೇಳಿದರಂತೆ. ಅಕ್ಕಾರು ಒಪ್ಪಲಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಚಹಾ ಕುಡಿಯುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಒಂದು ಗಿಂಡಿಯಲ್ಲಿ ಹಾಲು ತಂದಳು. ಎಮ್ಮೆ ಕರು ಹಾಕಿ ಕೆಲವು ದಿನವಾಗಿತ್ತು, ಹಾಲು ಮಾರಲು ಯೋಗ್ಯವೋ ಅಲ್ಲವೋ ನೋಡಿ ಹೇಳಿರೆಂದು ಕೇಳಿದಳು. ಅಕ್ಕಾರು ಗಿಂಡಿಯನ್ನು ಮುಟ್ಟಲಿಲ್ಲ.

"ನನಗ ತಿಳಿಯೂದಿಲ್ಲವಾ" ಎಂದರು. "ಡೇರಿ ಮಂದೀನ ಕೇಳು. ಅವರಿಗೆ ಗೊತ್ತಿರತೈತಿ."

ಆ ಹೆಂಗಸು ಪಿಳಿಪಿಳಿ ನೋಡಿ ಹೊರಟುಹೋದಳು. ಮಾಸ್ತರರು ಓದುತ್ತಿದ್ದ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಅಕ್ಕಾರು ನನ್ನ ಕಪ್ಪು ತೆಗೆದುಕೊಂಡು, ಇನ್ನೂ ಸ್ವಲ್ಪ ಹಾಕಲೇನು ಎಂದು ಕೇಳಿ ಒಳಗೆ ಹೋದರು.